ವ್ಯಾಯಾಮದ ನಂತರ ಮಣಿಕಟ್ಟು, ಮುಂಗೈ ನೋವು: ಎಕ್ಸ್‌ರೇಯಲ್ಲಿ ಏನೂ ಇಲ್ಲವೆಂದರೆ ಮುಂದೇನು?

ಪ್ರಶ್ನೆ: ಗುಮಾಸ್ತ, ರಾಯಚೂರು

ಎಲ್ಲರಿಗೂ ನಮಸ್ಕಾರ. ನನ್ನ ವಯಸ್ಸು 36. ರಾಯಚೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ದಿನದ ಬಹುಪಾಲು ಕಂಪ್ಯೂಟರ್ ಮುಂದೆಯೇ ಕಳೆಯುತ್ತದೆ. ವಾರದಲ್ಲಿ ಕೆಲವು ದಿನ ಮಾನ್ವಿ ಕಡೆಯ ಹಳ್ಳಿಗಳಿಗೆ ಬೈಕಿನಲ್ಲಿ ಹೋಗಿಬರಬೇಕಾಗುತ್ತದೆ. ರಕ್ತದಲ್ಲಿ ಸಕ್ಕರೆಯ ಪ್ರಮಾಣ ಗಡಿಯ ಹತ್ತಿರ ಬಂದಿದೆ, ಮೈಗೆ ಸ್ವಲ್ಪ ಕೆಲಸ ಕೊಡಿ ಎಂದು ವೈದ್ಯರು ಹೇಳಿದ್ದರಿಂದ ದೀಪಾವಳಿ ಕಳೆದ ಮೇಲೆ ಮನೆಯ ಹತ್ತಿರದ ಜಿಮ್ ಸೇರಿದೆ. ಮೊದಲ ಕೆಲವು ವಾರ ಯಾವ ತೊಂದರೆಯೂ ಇರಲಿಲ್ಲ. ಆಮೇಲೆ ತರಬೇತುದಾರರು ಪುಷ್-ಅಪ್, ಬಾರ್‌ಗೆ ಜೋತುಬಿದ್ದು ಮೇಲೇರುವ ಪುಲ್-ಅಪ್ ಮತ್ತು ನೇರ ರಾಡ್ ಹಿಡಿದು ಮೊಣಕೈ ಮಡಚಿ ಎತ್ತುವ ಬೈಸೆಪ್ಸ್ ಕರ್ಲ್, ಈ ಮೂರನ್ನೂ ಒಂದೇ ವಾರದಲ್ಲಿ ಹೆಚ್ಚಿಸಿದರು. ಬಲಗೈ ನೋವು ಶುರುವಾದದ್ದು ಆಗಲೇ.

ನೋವು ಎರಡು ಕಡೆ ಇದೆ. ಒಂದು, ಮಣಿಕಟ್ಟಿನಲ್ಲಿ, ಕಿರುಬೆರಳಿನ ಬದಿಗೆ. ಅಂಗೈ ಊರಿ ಪುಷ್-ಅಪ್ ಮಾಡುವಾಗ, ಒದ್ದೆ ಬಟ್ಟೆ ಹಿಂಡುವಾಗ, ಬಿಗಿಯಾದ ನಲ್ಲಿ ತಿರುಗಿಸುವಾಗ ಅಲ್ಲಿ ಚುಚ್ಚಿದಂತಾಗುತ್ತದೆ. ಇನ್ನೊಂದು, ಮುಂಗೈಯ ಒಳಬದಿಯಲ್ಲಿ, ಮೂಳೆಯ ಅಂಚಿಗೇ ಹತ್ತಿಕೊಂಡಂತಿರುವ ಆಳವಾದ ನೋವು. ಇದು ಕರ್ಲ್ ಮಾಡಿ ರಾಡನ್ನು ಕೆಳಗಿಳಿಸುವಾಗ ಏಳುತ್ತದೆ ಮತ್ತು ರಾತ್ರಿಯವರೆಗೂ ಉಳಿಯುತ್ತದೆ. ಬಾವು ಇಲ್ಲ, ಜೋಮು ಇಲ್ಲ, ಬಿದ್ದು ಪೆಟ್ಟಾದದ್ದೂ ಇಲ್ಲ. ಎಕ್ಸ್‌ರೇ ತೆಗೆಸಿದೆ, ಮೂಳೆ ಸರಿಯಾಗಿದೆ ಎಂದರು. ಯೂರಿಕ್ ಆಸಿಡ್ ಪರೀಕ್ಷೆಯಲ್ಲೂ ಏನೂ ಬರಲಿಲ್ಲ. ಹಚ್ಚಿಕೊಳ್ಳಲು ಮುಲಾಮು, ನುಂಗಲು ನೋವಿನ ಗುಳಿಗೆ ಕೊಟ್ಟಿದ್ದಾರೆ; ಗುಳಿಗೆಯ ಪ್ರಭಾವ ಇಳಿದ ಕೂಡಲೇ ನೋವು ಮರಳುತ್ತದೆ.

ಎಲ್ಲ ವರದಿಗಳೂ ಸರಿ ಇರುವಾಗ ಈ ನೋವಿಗೆ ಕಾರಣವೇನಿರಬಹುದು? ವ್ಯಾಯಾಮವನ್ನು ಪೂರ್ತಿ ನಿಲ್ಲಿಸಬೇಕೇ? ಎಂಆರ್‌ಐ ಮಾಡಿಸಬೇಕೇ? ಸಕ್ಕರೆಯ ಕಾರಣಕ್ಕೆ ಜಿಮ್ ಬಿಡಲು ಮನಸ್ಸಿಲ್ಲ. ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ಫಿಸಿಯೋಥೆರಪಿಸ್ಟ್, ಬಳ್ಳಾರಿ

ಸರ್, ಕೈಯನ್ನು ಮುಟ್ಟಿ ನೋಡದೆ ಇದು ಇಂಥದ್ದೇ ಎಂದು ಹೇಳುವುದು ಸರಿಯಲ್ಲ. ಆದರೆ ನೋವು ಎಲ್ಲಿ ಬರುತ್ತದೆ, ಏನು ಮಾಡಿದಾಗ ಬರುತ್ತದೆ ಎಂಬುದನ್ನು ತಾವು ಸ್ಪಷ್ಟವಾಗಿ ಬರೆದಿರುವುದರಿಂದ ಕೆಲವು ಮಾತು ಹೇಳಬಹುದು. ಮೊದಲನೆಯದಾಗಿ, ತಮಗಿರುವುದು ಒಂದು ನೋವಲ್ಲ, ಎರಡು. ಎರಡಕ್ಕೂ ಒಂದೇ ಕಾರಣ ಹುಡುಕುತ್ತಾ ಹೋದಾಗಲೇ ಅದು ಕಾರಣವಿಲ್ಲದ ನೋವಿನಂತೆ ಕಾಣತೊಡಗುತ್ತದೆ. ಎರಡನೆಯದಾಗಿ, ಎಕ್ಸ್‌ರೇ ತೋರಿಸುವುದು ಮುಖ್ಯವಾಗಿ ಮೂಳೆಯನ್ನು. ಕೀಲಿನಲ್ಲಿರುವ ಮೆತ್ತನೆಯ ಮೃದ್ವಸ್ಥಿ, ಸ್ನಾಯುವನ್ನು ಮೂಳೆಗೆ ಜೋಡಿಸುವ ಸ್ನಾಯುರಜ್ಜು, ಮೂಳೆ ಮೂಳೆಗಳನ್ನು ಕಟ್ಟಿಹಿಡಿಯುವ ಅಸ್ಥಿರಜ್ಜು, ಇವು ಅದರಲ್ಲಿ ಕಾಣುವುದಿಲ್ಲ. ವರದಿ ಸರಿಯಾಗಿದೆ ಎಂದರೆ ಮೂಳೆ ಮುರಿದಂತೆ ಕಾಣುತ್ತಿಲ್ಲ ಎಂದಷ್ಟೇ ಅರ್ಥ.

ಮೊದಲು ಮಣಿಕಟ್ಟಿನ ವಿಷಯ. ಮುಂಗೈಯಲ್ಲಿ ಎರಡು ಮೂಳೆಗಳಿವೆ: ಹೆಬ್ಬೆರಳಿನ ಬದಿಗೆ ರೇಡಿಯಸ್, ಕಿರುಬೆರಳಿನ ಬದಿಗೆ ಅಲ್ನಾ. ಅಲ್ನಾದ ತುದಿಗೂ ಮಣಿಕಟ್ಟಿನ ಸಣ್ಣ ಮೂಳೆಗಳಿಗೂ ನಡುವೆ ಮೃದ್ವಸ್ಥಿ ಮತ್ತು ಅಸ್ಥಿರಜ್ಜುಗಳು ಸೇರಿ ಆದ ತ್ರಿಕೋನಾಕಾರದ ಒಂದು ಮೆತ್ತೆ ಇದೆ. ವೈದ್ಯರು ಇದನ್ನು ಟಿಎಫ್‌ಸಿಸಿ ಎಂದು ಕರೆಯುತ್ತಾರೆ. ಅಂಗೈಯ ಮೇಲೆ ಭಾರ ಬಿದ್ದಾಗ ಸಾಮಾನ್ಯವಾಗಿ ಅದರ ಶೇಕಡಾ 80ರಷ್ಟನ್ನು ರೇಡಿಯಸ್ ಹೊರುತ್ತದೆ, ಉಳಿದ 20ರಷ್ಟು ಈ ಮೆತ್ತೆಯ ಮೂಲಕ ಅಲ್ನಾಕ್ಕೆ ಹೋಗುತ್ತದೆ. ಆದರೆ ಅಂಗೈಯನ್ನು ಕೆಳಮುಖವಾಗಿ ತಿರುಗಿಸಿದಾಗ ಅಥವಾ ಮುಷ್ಟಿಯನ್ನು ಬಲವಾಗಿ ಬಿಗಿದಾಗ ರೇಡಿಯಸ್‌ಗೆ ಹೋಲಿಸಿದರೆ ಅಲ್ನಾ ಸ್ವಲ್ಪ ಮುಂದೆ ಚಾಚಿದಂತಾಗಿ ಮೆತ್ತೆಯ ಮೇಲಿನ ಒತ್ತಡ ಹೆಚ್ಚುತ್ತದೆ. ಪುಷ್-ಅಪ್‌ನಲ್ಲಿ ಅಂಗೈ ಕೆಳಮುಖವಾಗಿರುತ್ತದೆ, ಮಣಿಕಟ್ಟು ಪೂರ್ತಿ ಹಿಂದಕ್ಕೆ ಬಾಗಿರುತ್ತದೆ, ಮೇಲೆ ಮೈಭಾರವೂ ಇರುತ್ತದೆ. ಬಟ್ಟೆ ಹಿಂಡುವುದು, ನಲ್ಲಿ ತಿರುಗಿಸುವುದು ಬಿಗಿಹಿಡಿತ ಮತ್ತು ತಿರುಚುವಿಕೆ ಒಟ್ಟಿಗೆ ನಡೆಯುವ ಕೆಲಸಗಳು. ತಾವು ಹೇಳಿದ ಮೂರೂ ಸಂದರ್ಭಗಳು ಒಂದೇ ಜಾಗದತ್ತ ಬೊಟ್ಟು ಮಾಡುತ್ತಿವೆ. ಆ ಬದಿಯಲ್ಲೇ ಹಾದುಹೋಗುವ ಸ್ನಾಯುರಜ್ಜು ಕೆರಳಿದರೂ ಹೀಗೇ ನೋಯಬಹುದು, ಆದ್ದರಿಂದ ಮೆತ್ತೆ ಹರಿದಿದೆ ಎಂದು ಈಗಲೇ ಗಾಬರಿಯಾಗಬೇಡಿ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ತೂಕ ನೋಡುವ ಯಂತ್ರವನ್ನು ಮೇಜಿನ ಮೇಲಿಟ್ಟು, ಮೊದಲು ನೋವಿಲ್ಲದ ಅಂಗೈಯನ್ನು, ನಂತರ ನೋವಿರುವ ಅಂಗೈಯನ್ನು ಅದರ ಮೇಲೆ ಊರಿ ನಿಧಾನವಾಗಿ ಒತ್ತಿ. ನೋವು ಶುರುವಾಗುವ ಹಂತದಲ್ಲಿ ಮುಳ್ಳು ಎಷ್ಟು ಕಿಲೋ ತೋರಿಸುತ್ತದೆ ಎಂದು ಬರೆದಿಟ್ಟುಕೊಳ್ಳಿ. ಬಳಿಕ ಮಣಿಕಟ್ಟಿನ ಸುತ್ತ, ಕಿರುಬೆರಳಿನ ಬದಿಯಲ್ಲಿ ಉಬ್ಬಿರುವ ಮೂಳೆಯ ಗಂಟಿಗೆ ತಾಗಿದಂತೆ, ಅಗಲವಾದ ಪಟ್ಟಿಯನ್ನು ಹಿತವಾಗಿ ಬಿಗಿದು ಮತ್ತೆ ಒತ್ತಿ ನೋಡಿ. ಪಟ್ಟಿ ಕಟ್ಟಿದಾಗ ಹೆಚ್ಚು ಭಾರ ತಡೆಯಲು ಸಾಧ್ಯವಾದರೆ ಆ ಭಾಗದ ಕೀಲಿಗೆ ಆಧಾರ ಕಡಿಮೆಯಾಗಿರುವ ಸಾಧ್ಯತೆ ಹೆಚ್ಚು. ರೋಗನಿರ್ಣಯಕ್ಕೆ ಇದೊಂದೇ ಸಾಲದಿದ್ದರೂ, ಮುಂದೆ ಗುಣವಾಗುತ್ತಿದೆಯೇ ಇಲ್ಲವೇ ಎಂದು ಅಳೆಯಲು ಇದಕ್ಕಿಂತ ಸರಳವಾದ ಉಪಾಯ ಇಲ್ಲ.

ಇನ್ನು ಮುಂಗೈ. ಬೆರಳುಗಳನ್ನು ಮಡಚುವ ಆಳದ ಸ್ನಾಯು ಅಲ್ನಾ ಮೂಳೆಯ ಮುಂಬದಿ ಮತ್ತು ಒಳಬದಿಯ ಉದ್ದಕ್ಕೂ ಅಂಟಿಕೊಂಡಿರುತ್ತದೆ. ಪುಲ್-ಅಪ್‌ನಲ್ಲಿ ಜೋತುಬೀಳುವಾಗ, ರಾಡ್ ಹಿಡಿಯುವಾಗ, ಬೈಕಿನ ಎಕ್ಸಲೇಟರ್ ಬಿಗಿಹಿಡಿಯುವಾಗ ದುಡಿಯುವುದು ಅದೇ ಸ್ನಾಯು. ನೇರ ರಾಡ್‌ನಲ್ಲಿ ಅಂಗೈ ಪೂರ್ತಿ ಮೇಲ್ಮುಖವಾಗಿಯೇ ಇರಬೇಕಾಗುತ್ತದೆ. ಭಾರ ಇಳಿಸುವಾಗ ಮೊಣಕೈ, ಮಣಿಕಟ್ಟು ತಮಗೆ ಅನುಕೂಲವಾದ ಕೋನಕ್ಕೆ ತಿರುಗಲು ಅಲ್ಲಿ ಜಾಗವಿಲ್ಲ. ಡಂಬೆಲ್ ಹಿಡಿದರೆ ಕೈ ತನ್ನಿಷ್ಟದಂತೆ ತಿರುಗುತ್ತದೆ. ಇ-ಝಡ್ ಬಾರ್ ಎಂದು ಜಿಮ್‌ನವರು ಕರೆಯುವ ಅಂಕುಡೊಂಕು ರಾಡ್‌ನಿಂದಲೂ ತಕ್ಕಮಟ್ಟಿಗೆ ಅದೇ ಅನುಕೂಲವಾಗುತ್ತದೆ.

ಹೊಸದಾಗಿ ವ್ಯಾಯಾಮಕ್ಕೆ ಇಳಿದವರಲ್ಲಿ ಸ್ನಾಯುಗಳು ಕೆಲವೇ ವಾರಗಳಲ್ಲಿ ಬಲಗೊಳ್ಳುತ್ತವೆ, ಸ್ನಾಯುರಜ್ಜುಗಳು ಅದಕ್ಕೆ ಹೊಂದಿಕೊಳ್ಳಲು ತಿಂಗಳುಗಳೇ ಬೇಕು. ಎತ್ತುವ ಶಕ್ತಿ ಬಂದಿದೆ, ಆ ಭಾರವನ್ನು ತಾಳುವ ಶಕ್ತಿ ಇನ್ನೂ ಬಂದಿಲ್ಲ ಎಂಬ ಈ ನಡುಗಾಲದಲ್ಲಿಯೇ ಬಹಳಷ್ಟು ಮಂದಿ ನಮ್ಮಲ್ಲಿಗೆ ಬರುತ್ತಾರೆ. ಮಾಮೂಲಿ ಮೈಕೈ ನೋವಾದರೆ ವ್ಯಾಯಾಮದ ಬಳಿಕ 24ರಿಂದ 72 ಗಂಟೆಗಳ ನಡುವೆ ಹೆಚ್ಚಾಗಿದ್ದು ತಾನಾಗಿಯೇ ಇಳಿಯುತ್ತದೆ, ಸ್ನಾಯುವಿನ ತುಂಬ ಹರಡಿರುತ್ತದೆ, ಬೆರಳಿಟ್ಟು ತೋರಿಸಲು ಬರುವುದಿಲ್ಲ. ತಮ್ಮದು ಹಾಗಿಲ್ಲ.

ಪೂರ್ತಿ ನಿಲ್ಲಿಸಬೇಡಿ. ಅಂಗೈ ಊರುವ ಪುಷ್-ಅಪ್, ನೇರ ರಾಡ್‌ನ ಕರ್ಲ್, ಪುಲ್-ಅಪ್ ಈ ಮೂರನ್ನು ಮಾತ್ರ ಸದ್ಯಕ್ಕೆ ಬದಿಗಿಡಿ. ತಮ್ಮ ಸಕ್ಕರೆಯ ಪ್ರಶ್ನೆಗೆ ನಡಿಗೆ, ಬಸ್ಕಿ ಮತ್ತು ಕಾಲಿನ ದೊಡ್ಡ ಸ್ನಾಯುಗಳ ವ್ಯಾಯಾಮ ಎಷ್ಟೋ ಪಾಲು ಉತ್ತರವಾಗುತ್ತವೆ, ಅವುಗಳಿಗೆ ಮಣಿಕಟ್ಟಿನ ಅಗತ್ಯವೇ ಇಲ್ಲ. ಕೂತ ಕುರ್ಚಿಯ ಕೈಗಳನ್ನು ಒತ್ತಿ ಮೈಯನ್ನು ಮೇಲೆತ್ತುವಾಗ ನೋವು ಬರುತ್ತದೆಯೇ, ಮಣಿಕಟ್ಟು ತಿರುಗಿಸುವಾಗ ನೋವಿನ ಜೊತೆಗೆ ಕಟಕ್ ಎಂಬ ಸದ್ದು ಬರುತ್ತದೆಯೇ ಎಂಬುದನ್ನು ತಿಳಿಸಿ.

ಉತ್ತರ: ಹಳೆಯ ಗರಡಿಯವರು, ಕುಷ್ಟಗಿ

ಫಿಸಿಯೋ ಅವರ ಮಾತಿಗೆ ಗರಡಿ ಮನೆಯ ಅನುಭವದಿಂದ ಒಂದೆರಡು ಮಾತು ಸೇರಿಸುತ್ತೇನೆ. ನಮ್ಮ ವಸ್ತಾದರು ಹೊಸ ಹುಡುಗರಿಗೆ ಮೊದಲು ಬಹಳ ದಿನ ಬೈಠಕ್ ಮತ್ತು ಕೆಮ್ಮಣ್ಣು ಅಗೆದು ಹದ ಮಾಡುವ ಕೆಲಸವನ್ನಷ್ಟೇ ಕೊಡುತ್ತಿದ್ದರು. ದಂಡ ಹೊಡೆಯಲು ಬಿಟ್ಟ ಮೇಲೂ ನೆಲ ಮೆತ್ತಗಿರುತ್ತಿತ್ತು. ಈಗಿನ ಜಿಮ್‌ನ ಗಟ್ಟಿ ನೆಲದ ಮೇಲೆ, ಮೊದಲ ತಿಂಗಳಲ್ಲೇ, ಕನ್ನಡಿಯ ಮುಂದೆ ಪಕ್ಕದವನೊಂದಿಗೆ ಪೈಪೋಟಿ ಮಾಡುತ್ತಾ ಹೊಡೆಯುವ ಪುಷ್-ಅಪ್‌ಗೂ ಅದಕ್ಕೂ ಬಹಳ ಅಂತರವಿದೆ. ಕೈ ಊರಲೇಬೇಕು ಎನ್ನುವವರು ನೆಲಕ್ಕೆ ನೇರವಾಗಿ ಅಂಗೈ ಹಚ್ಚದೆ, ಹಿಡಿಕೆ ಇರುವ ಮರದ ತುಂಡುಗಳನ್ನು ಹಿಡಿದು ಮಣಿಕಟ್ಟನ್ನು ನೆಟ್ಟಗಿಟ್ಟುಕೊಂಡು ದಂಡ ಹೊಡೆಯಬಹುದು.

ನೋವಿರುವ ಕಡೆ ಬಿಸಿ ಎಣ್ಣೆ ಹಚ್ಚಿ ಮಾಲೀಸು ಮಾಡಿಸಿದರೆ ನಮಗೆಲ್ಲ ಹಿತವಾಗುತ್ತಿತ್ತು. ಕೈ ಉಳುಕಿದವರು ಮೂಳೆಯ ನಾಟಿವೈದ್ಯರು ಹಾಕುವ ಪುತ್ತೂರು ಕಟ್ಟು ಹಾಕಿಸಿಕೊಂಡು ಗುಣವಾದದ್ದನ್ನೂ ನೋಡಿದ್ದೇನೆ. ಎಂಆರ್‌ಐಗೆ ಸಾವಿರಾರು ರೂಪಾಯಿ ಸುರಿಯುವ ಮೊದಲು ಅದನ್ನೂ ಯೋಚಿಸಬಹುದು ಎಂಬುದು ನನ್ನ ಅಭಿಪ್ರಾಯ.

ಉತ್ತರ: ಬಂಡೆ ಹತ್ತುವವನು, ಸಾಣಾಪುರ

ಗರಡಿಯ ಹಿರಿಯರ ಮೊದಲ ಮಾತನ್ನು ಪೂರ್ತಿ ಒಪ್ಪುತ್ತೇನೆ, ಕೊನೆಯ ಸಲಹೆಯನ್ನು ಒಪ್ಪಲಾರೆ. ಕಾರಣ ಹೇಳುತ್ತೇನೆ. ಆನೆಗೊಂದಿ, ಸಾಣಾಪುರದ ಗ್ರಾನೈಟ್ ಬಂಡೆಗಳನ್ನು ಹತ್ತಲು ಚಳಿಗಾಲದಲ್ಲಿ ದೇಶ ವಿದೇಶಗಳಿಂದ ಜನ ಬರುತ್ತಾರೆ, ನಮ್ಮ ಊರಿನ ಹುಡುಗರೂ ಹತ್ತುತ್ತಾರೆ. ಇಲ್ಲಿ ಮಣಿಕಟ್ಟು, ಬೆರಳು, ಮುಂಗೈಗಳ ನೋವು ನಮಗೆ ದಿನನಿತ್ಯದ ಸಂಗತಿ. ನಮ್ಮ ತಂಡದ ಹುಡುಗನೊಬ್ಬ ಜಾರಿ ಅಂಗೈ ಊರಿ ಬಿದ್ದ. ಮೊದಲ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, ಉಳುಕು ಎಂದುಕೊಂಡು ಮನೆಯವರು ತಿಕ್ಕಿಸಲು ಹೊರಟಿದ್ದರು. ಹೆಬ್ಬೆರಳನ್ನು ಮೇಲಕ್ಕೆ ಚಾಚಿದಾಗ ಅದರ ಬುಡದಲ್ಲಿ ಬೀಳುವ ಗುಳಿಯನ್ನು ಒತ್ತಿದರೆ ಅವನು ಕೂಗಿಕೊಳ್ಳುತ್ತಿದ್ದ. ಹತ್ತು ಹನ್ನೆರಡು ದಿನ ಪಟ್ಟಿಯಲ್ಲಿಟ್ಟು ಮತ್ತೆ ಎಕ್ಸ್‌ರೇ ತೆಗೆದಾಗ ಸ್ಕೇಫಾಯ್ಡ್ ಎಂಬ ಸಣ್ಣ ಮೂಳೆಯಲ್ಲಿ ಬಿರುಕು ಕಂಡಿತು. ಮಣಿಕಟ್ಟಿನ ಎಂಟು ಸಣ್ಣ ಮೂಳೆಗಳಲ್ಲಿ ಇದರ ಸ್ವಭಾವ ಸ್ವಲ್ಪ ಬೇರೆ: ಅದಕ್ಕೆ ರಕ್ತ ಬಹುಮಟ್ಟಿಗೆ ಬೆರಳಿನ ಕಡೆಯ ತುದಿಯಿಂದ ಹಿಂದಕ್ಕೆ ಹರಿಯುತ್ತದೆ, ಹೀಗಾಗಿ ನಡುವೆ ಬಿರುಕು ಬಿಟ್ಟರೆ ಮುಂಗೈ ಕಡೆಯ ತುಂಡಿಗೆ ರಕ್ತ ನಿಂತು ಮೂಳೆ ಕೂಡಿಕೊಳ್ಳದೆ ಹೋಗಬಹುದು. ಅಂಥ ಕೈಯನ್ನು ಎಳೆದು, ತಿಕ್ಕಿ, ಬಿಗಿದು ಕಟ್ಟಿದರೆ ಆಗುವ ಹಾನಿ ಜೀವನಪೂರ್ತಿ ಉಳಿಯಬಹುದು. ಪ್ರಶ್ನೆ ಕೇಳಿದವರು ಬಿದ್ದಿಲ್ಲ, ಅವರ ನೋವೂ ಹೆಬ್ಬೆರಳಿನ ಕಡೆ ಇಲ್ಲ, ಅವರಿಗೆ ಇದು ಬಹುಶಃ ಅನ್ವಯಿಸುವುದಿಲ್ಲ. ಆದರೆ ಇದನ್ನು ಓದುವ ಎಲ್ಲರ ಕೈಯೂ ಅವರ ಕೈಯಂತೆಯೇ ಇರುವುದಿಲ್ಲವಲ್ಲ.

ಇನ್ನೊಂದು ಬಗೆಯ ನೋವೂ ಇದೆ. ಬಂಡೆ ಹತ್ತುವಾಗ ಮುಂಗೈ ಕಲ್ಲಿನಂತೆ ಬಿಗಿದುಕೊಂಡು, ಬೆರಳುಗಳು ಹಿಡಿತ ಕಳೆದುಕೊಂಡು, ಇಳಿದು ಕೆಲವು ನಿಮಿಷ ಕೂತರೆ ಎಲ್ಲವೂ ಮಾಯವಾಗುತ್ತದೆ. ಪ್ರತಿ ಸಲವೂ ಅಷ್ಟೇ ಶ್ರಮಕ್ಕೆ, ಅಷ್ಟೇ ಹೊತ್ತಿಗೆ ಹೀಗಾದರೆ ಸ್ನಾಯುವನ್ನು ಸುತ್ತಿರುವ ಪೊರೆಯೊಳಗೆ ಒತ್ತಡ ಏರುತ್ತಿರುವುದೂ ಕಾರಣವಾಗಿರಬಹುದು. ಬೈಕ್ ರೇಸ್ ಓಡಿಸುವವರಲ್ಲಿಯೂ ಇದು ಕಂಡುಬರುತ್ತದೆ. ನಿಮ್ಮ ನೋವು ರಾತ್ರಿಯವರೆಗೆ ಉಳಿಯುತ್ತದೆ ಎಂದಿರುವುದರಿಂದ ಇದು ಅದಲ್ಲ ಎಂದು ನನಗೆ ಅನಿಸುತ್ತದೆ.

ಉತ್ತರ: ಉಪನ್ಯಾಸಕಿ, ಸಿಂಧನೂರು

ನನ್ನ ನೋವು ಹೆಬ್ಬೆರಳಿನ ಬದಿಯದಾಗಿತ್ತು. ಮನೆಯಲ್ಲಿ ಡಂಬೆಲ್ ವ್ಯಾಯಾಮ ಆರಂಭಿಸಿದ ಮೇಲೆ ಬಂದಿತ್ತಾದ್ದರಿಂದ ಎಲ್ಲರೂ ಡಂಬೆಲ್ ಮೇಲೆಯೇ ತಪ್ಪು ಹೊರಿಸಿದರು. ಫಿಸಿಯೋಥೆರಪಿಸ್ಟ್ ಅವರು ಮಾತ್ರ ಬೆಳಗಿನಿಂದ ಸಂಜೆಯವರೆಗೆ ಆ ಕೈಯಿಂದ ಏನೇನು ಮಾಡುತ್ತೀರಿ ಎಂದು ಸಾವಧಾನವಾಗಿ ಕೇಳಿದರು. ಮನೆಮಂದಿಗೆಲ್ಲ ಜೋಳದ ರೊಟ್ಟಿ ಬಡಿಯುವುದು, ಹಿಟ್ಟು ನಾದುವುದು, ಕಾಲೇಜಿನಲ್ಲಿ ಉತ್ತರ ಪತ್ರಿಕೆ ತಿದ್ದುವುದು, ರಾತ್ರಿ ಒಂದೇ ಕೈಯಲ್ಲಿ ಮೊಬೈಲ್ ಹಿಡಿದು ಹೆಬ್ಬೆರಳಿನಿಂದಲೇ ಟೈಪ್ ಮಾಡುವುದು, ಇವೆಲ್ಲದರ ಮೇಲೆ ಡಂಬೆಲ್. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ ಮಣಿಕಟ್ಟನ್ನು ಕಿರುಬೆರಳಿನ ಕಡೆ ಬಾಗಿಸಲು ಹೇಳಿದರು. ಆ ನೋವನ್ನು ನಾನು ವಿವರಿಸಲಾರೆ. ಅದಕ್ಕೆ ಡಿ ಕರ್ವೇನ್ ತೊಂದರೆ ಎಂದು ಹೆಸರು. ಹೆಬ್ಬೆರಳಿನ ಎರಡು ಸ್ನಾಯುರಜ್ಜುಗಳು ಹಾದುಹೋಗುವ ಕೊಳವೆಯಂಥ ಪೊರೆ ದಪ್ಪಗಾಗಿ ಅವು ಸಲೀಸಾಗಿ ಜಾರದೆ ನೋಯುತ್ತವೆ. ಹಸುಗೂಸನ್ನು ಪದೇ ಪದೇ ಎತ್ತಿಕೊಳ್ಳುವ ಬಾಣಂತಿಯರಲ್ಲಿಯೂ ಇದು ಸಾಮಾನ್ಯವಂತೆ.

ಹೆಬ್ಬೆರಳನ್ನೂ ಸೇರಿಸಿ ಹಿಡಿಯುವ ಪಟ್ಟಿ ಹಾಕಿಕೊಂಡು, ರೊಟ್ಟಿಯ ಕೆಲಸವನ್ನು ಮನೆಯ ಇತರರಿಗೆ ಹಂಚಿದೆ. ಈ ಎರಡನೆಯದು ಪಟ್ಟಿಗಿಂತ ಕಷ್ಟದ್ದಾಗಿತ್ತು ಎಂದು ಹೇಳಲೇಬೇಕು. ಅದರಿಂದ ಕಡಿಮೆಯಾಗದವರಿಗೆ ಆ ಪೊರೆಯೊಳಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ, ನನಗೆ ಅದರ ಅಗತ್ಯ ಬೀಳಲಿಲ್ಲ. ಪ್ರಶ್ನೆ ಕೇಳಿದ ಸಹೋದರರು ಜಿಮ್‌ನ ಹೊರಗೆ ಬಲಗೈ ಮಾಡುವ ಕೆಲಸವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು ಕೋರುತ್ತೇನೆ. ಮಾನ್ವಿ ಕಡೆಯ ಒಳರಸ್ತೆಗಳ ತಗ್ಗು ದಿನ್ನೆಗಳಲ್ಲಿ ಹ್ಯಾಂಡಲ್ ಹಿಡಿದ ಕೈಗೆ ಬೀಳುವ ಏಟು ಕಡಿಮೆಯದೇನಲ್ಲ.

ಪ್ರಶ್ನೆ ಕೇಳಿದವರು: ಗುಮಾಸ್ತ, ರಾಯಚೂರು

ಎಲ್ಲರಿಗೂ ಧನ್ಯವಾದಗಳು. ಕುರ್ಚಿಯ ಕೈ ಒತ್ತಿ ಏಳುವಾಗ ಅದೇ ಜಾಗದಲ್ಲಿ ನೋವು ಬರುತ್ತದೆ. ಕಟಕ್ ಎಂಬ ಸದ್ದು ಇಲ್ಲ. ತೂಕದ ಯಂತ್ರದ ಮೇಲೆ ಎಡಗೈ ಒತ್ತಿದಾಗ ನೋವೇ ಬರಲಿಲ್ಲ, ಬಲಗೈಗೆ ಅದರ ಅರ್ಧಕ್ಕಿಂತ ಮುಂಚೆಯೇ ಚುಚ್ಚಿತು, ಪಟ್ಟಿ ಕಟ್ಟಿದ ಮೇಲೆ ಸ್ವಲ್ಪ ಹೆಚ್ಚು ಒತ್ತಲು ಬಂತು. ಹೆಬ್ಬೆರಳಿನ ಪರೀಕ್ಷೆಯಲ್ಲಿ ಏನೂ ನೋವಿಲ್ಲ. ಉಪನ್ಯಾಸಕಿ ಮೇಡಂ ಹೇಳಿದ್ದು ನಿಜ, ಬೈಕಿನಲ್ಲಿ ಹಳ್ಳಿಗಳಿಗೆ ಹೋಗಿಬಂದ ದಿನ ಮುಂಗೈ ನೋವು ಹೆಚ್ಚಿರುತ್ತದೆ. ಇದನ್ನು ವೈದ್ಯರಿಗೆ ಹೇಳಬೇಕೆಂದು ಹೊಳೆದೇ ಇರಲಿಲ್ಲ. ಈಗ ಎಂಆರ್‌ಐ ಮಾಡಿಸಲೇ? ನೋವಿನ ಗುಳಿಗೆಯನ್ನು ಮುಂದುವರಿಸಬಹುದೇ?

ಉತ್ತರ: ಫಿಸಿಯೋಥೆರಪಿಸ್ಟ್, ಬಳ್ಳಾರಿ

ಸರ್, ತಾವು ಕೊಟ್ಟ ಉತ್ತರಗಳು ಮಣಿಕಟ್ಟಿನ ಕಿರುಬೆರಳ ಬದಿಯ ಆ ಮೆತ್ತೆಯ ಕಡೆಗೇ ತೋರಿಸುತ್ತಿವೆ. ಆದರೂ ಎಂಆರ್‌ಐಗೆ ಇಂದೇ ಓಡಬೇಕಾಗಿಲ್ಲ. ವಯಸ್ಸಾದಂತೆ ಈ ಮೆತ್ತೆ ಸವೆದು, ಯಾವ ನೋವೂ ಇಲ್ಲದವರ ಎಂಆರ್‌ಐಯಲ್ಲಿಯೂ ಸಣ್ಣ ಹರುಕು ಕಾಣಿಸುವುದುಂಟು. ಆಗ ವರದಿಯಲ್ಲಿ ಇರುವುದಕ್ಕೆಲ್ಲ ಚಿಕಿತ್ಸೆ ಮಾಡಬೇಕೆನ್ನುವ ಆತುರ ಹುಟ್ಟುತ್ತದೆ. ಮೊದಲು ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಾದ ರಿಮ್ಸ್‌ನ ಮೂಳೆ ವಿಭಾಗದಲ್ಲಿ ಅಥವಾ ತಮಗೆ ನಂಬಿಕೆಯಿರುವ ಮೂಳೆ ವೈದ್ಯರಲ್ಲಿ ಕೈ ತೋರಿಸಿ, ನೋಯುವ ಜಾಗವನ್ನು ಒಂದೇ ಬೆರಳಿನಿಂದ ಗುರುತಿಸಿ, ಕುರ್ಚಿ ಮತ್ತು ತೂಕದ ಯಂತ್ರದ ವಿಷಯವನ್ನೂ ಬೈಕಿನ ವಿಷಯವನ್ನೂ ಹೇಳಿ. ಆರು ವಾರಗಳಷ್ಟು ಕಾಲ ಸರಿಯಾಗಿ ಭಾರ ತಪ್ಪಿಸಿದ ಮೇಲೂ ಇಳಿಯದಿದ್ದರೆ, ಸದ್ದು ಶುರುವಾದರೆ, ಅಥವಾ ಅಲ್ನಾದ ತುದಿ ಎಡಗೈಗಿಂತ ಹೆಚ್ಚು ಅಲುಗಾಡುತ್ತಿದೆ ಎಂದು ವೈದ್ಯರು ಕಂಡರೆ ಆಗ ಎಂಆರ್‌ಐಗೆ ಅರ್ಥವಿರುತ್ತದೆ. ಮೆತ್ತೆಯ ಹೊರ ಅಂಚಿಗೆ ರಕ್ತ ಸಂಚಾರವಿದೆ, ಅಲ್ಲಿನ ಗಾಯಕ್ಕೆ ಮಾಯುವ ಅವಕಾಶವಿರುತ್ತದೆ, ನಡುಭಾಗಕ್ಕೆ ಅದಿಲ್ಲ. ಆದರೆ ನಡುಭಾಗ ಮಾಯದಿದ್ದರೂ ನೋವು ಶಮನವಾಗಿ ಎಂದಿನಂತೆ ಕೆಲಸ ಮಾಡುವವರು ಬಹಳ ಮಂದಿ ಇದ್ದಾರೆ.

ಗುಳಿಗೆಯ ವಿಷಯದಲ್ಲಿ ನಾನು ಸ್ವಲ್ಪ ಕಠಿಣವಾಗಿಯೇ ಹೇಳುತ್ತೇನೆ. ನೋವಿನ ಗುಳಿಗೆ ನುಂಗಿ ಜಿಮ್‌ಗೆ ಹೋಗುವುದು ಬೇಡ, ಎಲ್ಲಿ ನಿಲ್ಲಿಸಬೇಕು ಎಂದು ಕೈ ಹೇಳುವ ಮಾತು ಆಗ ಕೇಳಿಸುವುದಿಲ್ಲ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಮುಂತಾದವನ್ನು ವೈದ್ಯರು ಹೇಳಿದ ಅವಧಿಯ ಆಚೆಗೆ ಎಳೆಯಬಾರದು. ಉಷ್ಣತೆ 40 ಡಿಗ್ರಿ ದಾಟುವ ನಮ್ಮ ರಾಯಚೂರು, ಬಳ್ಳಾರಿಯ ಬೇಸಿಗೆಯಲ್ಲಿ ಬೆವರು ಸುರಿಸಿ, ನೀರು ಸಾಲದೆ ಈ ಗುಳಿಗೆಗಳನ್ನು ನುಂಗಿದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಅತಿಯಾದ ವ್ಯಾಯಾಮದ ಬಳಿಕ ಸ್ನಾಯುಗಳು ತೀವ್ರವಾಗಿ ನೋಯುತ್ತಾ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಅದು ಸ್ನಾಯು ಒಡೆದು ರಕ್ತಕ್ಕೆ ಸೇರುತ್ತಿರುವ ಲಕ್ಷಣ, ಅಂದೇ ಆಸ್ಪತ್ರೆಗೆ ಹೋಗಬೇಕು. ಕೈ ಕೆಂಪಾಗಿ ಊದಿ ಜ್ವರ ಬಂದರೆ, ಬೆರಳುಗಳು ಬಿಳಿಚಿಕೊಂಡು ತಣ್ಣಗಾದರೆ, ಹಿಡಿದ ವಸ್ತು ಕೈಯಿಂದ ಜಾರತೊಡಗಿದರೆ ಕೂಡ ಹಾಗೆಯೇ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಅದು ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರುವ ಸೂಚನೆ. ಸಕ್ಕರೆಯ ತೊಂದರೆ ಇರುವವರಲ್ಲಿ ಅದು ಹೆಚ್ಚು, ಆದ್ದರಿಂದ ಗಮನವಿರಲಿ.

ಗರಡಿಯ ಹಿರಿಯರು ಹೇಳಿದ ಮಾಲೀಸನ್ನು ಮುಂಗೈಯ ಸ್ನಾಯುವಿನ ಮೇಲೆ ಹಗುರವಾಗಿ ಮಾಡಿಕೊಳ್ಳಲು ಅಡ್ಡಿಯಿಲ್ಲ. ಮಣಿಕಟ್ಟಿನ ಕೀಲನ್ನು ಮಾತ್ರ ಯಾರೂ ಎಳೆಯಬಾರದು, ತಿರುಚಬಾರದು.

ಮುಂಗೈಗೆ ಈಗಿನಿಂದಲೇ ಕೆಲಸ ಕೊಡಬಹುದು. ಮೊದಲು ಅಲುಗಾಡಿಸದೆ ಹಿಡಿಯುವ ವ್ಯಾಯಾಮ: ಮುಂಗೈಯನ್ನು ಮೇಜಿನ ಮೇಲಿಟ್ಟು, ಸುತ್ತಿದ ಟವೆಲ್ಲನ್ನು ಅರ್ಧ ಬಲದಿಂದ 30ರಿಂದ 45 ಸೆಕೆಂಡು ಅಮುಕಿ ಹಿಡಿದು ಬಿಡುವುದು, ನಾಲ್ಕೈದು ಸಲ. ಇದು ಸಲೀಸಾದ ಮೇಲೆ ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು, ಇನ್ನೊಂದು ಕೈಯ ಸಹಾಯದಿಂದ ಮಣಿಕಟ್ಟನ್ನು ಮೇಲೆತ್ತಿ, ನೋವಿರುವ ಕೈಯಿಂದ ನಿಧಾನವಾಗಿ ಇಳಿಸುವುದು. ವ್ಯಾಯಾಮದ ವೇಳೆ ಸ್ವಲ್ಪ ನೋವು ತಿಳಿದರೂ ಮರುದಿನ ಬೆಳಗಿನ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಇಳಿದಿದ್ದರೆ ಪ್ರಮಾಣ ಸರಿಯಾಗಿದೆ. ಬೆಳಗ್ಗೆಯೂ ಹೆಚ್ಚಾಗಿಯೇ ಇದ್ದರೆ ಹಿಂದಿನ ದಿನ ಅತಿಯಾಗಿದೆ. ಪುಷ್-ಅಪ್‌ಗೆ ಮರಳುವುದು ಗೋಡೆಗೆ ಕೈಯೂರಿ, ಆಮೇಲೆ ಎತ್ತರದ ಬೆಂಚಿಗೆ, ಆಮೇಲೆ ಹಿಡಿಕೆ ಹಿಡಿದು ನೆಲದ ಮೇಲೆ. ಬರಿಯ ಅಂಗೈ ಊರುವುದು ಎಲ್ಲಕ್ಕೂ ಕೊನೆಗೆ, ಅದೂ ತೂಕದ ಯಂತ್ರದ ಮೇಲೆ ಎರಡೂ ಕೈ ನೋವಿಲ್ಲದೆ ಸಮನಾಗಿ ಒತ್ತಲು ಬಂದ ಮೇಲೆ. ಪುಲ್-ಅಪ್ ಬದಲು ಕೇಬಲ್ ಎಳೆಯುವ ಯಂತ್ರದಲ್ಲಿ, ಅಂಗೈಗಳು ಒಂದಕ್ಕೊಂದು ಎದುರಾಗಿರುವ ಹಿಡಿಕೆಯಿಂದ ಆರಂಭಿಸಿ.

ಬೈಕಿನಲ್ಲಿ ಬ್ರೇಕ್ ಮತ್ತು ಕ್ಲಚ್ ಲಿವರ್‌ಗಳ ಕೋನವನ್ನು ಮೆಕ್ಯಾನಿಕ್‌ಗೆ ಹೇಳಿ ಸರಿಪಡಿಸಿಕೊಳ್ಳಿ. ಹ್ಯಾಂಡಲ್ ಹಿಡಿದಾಗ ಮುಂಗೈ ಮತ್ತು ಅಂಗೈಯ ಹಿಂಬದಿ ಒಂದೇ ಗೆರೆಯಲ್ಲಿರಬೇಕು. ಕಚೇರಿಯಲ್ಲಿ ಮೌಸ್ ಹಿಡಿಯುವಾಗ ಮಣಿಕಟ್ಟು ಕಿರುಬೆರಳಿನ ಕಡೆ ವಾಲದಂತೆ ನೋಡಿಕೊಳ್ಳಿ, ಸಾಧ್ಯವಾದರೆ ಕೆಲವು ವಾರ ಎಡಗೈಗೆ ಬದಲಿಸಿ. ಮಾನ್ವಿ ಕಡೆಗೆ ಹೋಗಿಬಂದ ದಿನ ಸಂಜೆ ಜಿಮ್‌ನಲ್ಲಿ ಕಾಲಿನ ವ್ಯಾಯಾಮವನ್ನಷ್ಟೇ ಇಟ್ಟುಕೊಳ್ಳಿ, ಕೈಗೆ ಅಂದಿನ ಪಾಲು ರಸ್ತೆಯಲ್ಲೇ ಸಿಕ್ಕಿರುತ್ತದೆ.